ಪಿಸ್ತೂಲು ಹಿಡಿದ ಕೈ, ಕಾಣದ ಕಾಲು

ಕನ್ನಡ ಸಿನಿಮಾಕ್ಕೆ ಬಂದೂಕು ಹಿಡಿಯಲು ಬಂದದ್ದೇ ‘ಕೆಜಿಎಫ್’ನಿಂದ ಎಂಬ ಮಾತು ಈಗ ವಿಮರ್ಶಕರ ಬಾಯಲ್ಲೂ ಕೇಳಿಬರುತ್ತಿದೆ. ಅದಕ್ಕೆ ಮೊದಲಿನದೆಲ್ಲ ಆಟಿಕೆಯಂತೆ. 1968ರ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಒಂದೇ ಕೈಯಲ್ಲಿ ರಿವಾಲ್ವರ್ ಚಾಚಿದ್ದು ಈಗಿನವರಿಗೆ ನಗೆಯ ಸರಕಂತೆ. ಈ ತೀರ್ಪು ತಲೆಕೆಳಗಾಗಿದೆ. ಹಿಡಿತದ ಮಟ್ಟಿಗೆ ರಾಜ್‌ಕುಮಾರರ ಆ ಪತ್ತೇದಾರ ಸಿ.ಐ.ಡಿ. 999 ಸರಿಯಾಗಿದ್ದ, ತಪ್ಪುತ್ತಿರುವವರು ಇವತ್ತಿನ ನಾಯಕರು.

ದೊರೆ–ಭಗವಾನ್ ಆ ಚಿತ್ರ ಮಾಡಿದ ಕಾಲಕ್ಕೆ ಒಂಟಿ ಕೈಯೇ ರೂಢಿ. ಬ್ರಿಟಿಷ್ ಸೈನ್ಯದ .455 ವೆಬ್ಲಿ ರಿವಾಲ್ವರಿನ ತೂಕ ಒಂದು ಕಿಲೋ ಮೀರಿತ್ತು, ಅದನ್ನೂ ಒಂದೇ ಕೈಯಲ್ಲಿ ಹೊಡೆಯಲು ಕಲಿಸುತ್ತಿದ್ದರು. ಬಲಗೈ ಮುಂದಕ್ಕೆ ನೂಕಿ ಎಡಗೈ ಹಿಂದಕ್ಕೆ ಜಗ್ಗುವ ಎರಡು ಕೈಯ ಪಟ್ಟನ್ನು ಲಾಸ್ ಏಂಜಲಿಸ್ ಕೌಂಟಿಯ ಡೆಪ್ಯುಟಿ ಶೆರಿಫ್ ಜಾಕ್ ವೀವರ್ 1950ರ ದಶಕದ ಕೊನೆಯಲ್ಲಿ ಪಂದ್ಯಗಳಲ್ಲಿ ತೋರಿಸಿಕೊಟ್ಟ. ಅದು ಎಲ್ಲ ಕಡೆ ಹಬ್ಬಲು ವರ್ಷಗಳೇ ಬೇಕಾದವು. ಒಲಿಂಪಿಕ್ಸಿನ ಪಿಸ್ತೂಲು ಸ್ಪರ್ಧೆಗಳಲ್ಲಿ ಇಂದಿಗೂ ಒಂದೇ ಕೈ. 2016ರಲ್ಲಿ ರಿಯೊದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಗುರಿ ಹಿಡಿದದ್ದೂ ಹಾಗೆಯೇ. ಒಂಟಿ ಕೈ ಕಂಡೊಡನೆ ನಗುವವರಿಗೆ ಇದೊಂದೂ ಗೊತ್ತಿದ್ದಂತಿಲ್ಲ.

ಇನ್ನು ಈಗಿನ ಚಿತ್ರಗಳ ಎರಡು ಕೈ. ಬಲಗೈ ಹಿಡಿಕೆಯ ನಡುವೆಲ್ಲೋ ಸಡಿಲವಾಗಿ ಕೂತಿರುತ್ತದೆ, ಎಡಗೈ ಹಿಡಿಕೆಯ ಬುಡಕ್ಕೆ ಅಂಗೈ ಒಡ್ಡಿರುತ್ತದೆ. ತೆರೆಯ ಮೇಲೆ ಚೆಂದ, ಕೆಲಸಕ್ಕೆ ಸೊನ್ನೆ. ಗುಂಡು ಹಾರಿದಾಗ ಮೂತಿ ಮೇಲಕ್ಕೇಳುತ್ತದೆ, ಯಾಕೆಂದರೆ ನಳಿಗೆ ಇರುವುದು ಮುಷ್ಟಿಗಿಂತ ಮೇಲೆ. ಕೆಳಗೆ ಒಡ್ಡಿದ ಅಂಗೈ ಅದನ್ನು ಹೇಗೆ ತಡೆದೀತು? .44 ಮ್ಯಾಗ್ನಮ್‌ನಂಥ ದೊಡ್ಡ ಗುಂಡಿನ ರಿವಾಲ್ವರಿಗೆ ಹೆಬ್ಬೆರಳು ತೋರುಬೆರಳುಗಳ ನಡುವಿನ ಸಂದು ಹಿಡಿಕೆಯ ಹಿಂಬದಿಗೆ ಆದಷ್ಟು ಮೇಲೆ ಒತ್ತಿಕೊಂಡಿರಬೇಕು. ಎಡಗೈ ಬೆರಳುಗಳು ಬಲಗೈ ಬೆರಳುಗಳ ಮೇಲೆ ಸುತ್ತಿ ಬಿಗಿಯಬೇಕು. ಯಾವ ಬೆರಳೂ ಸಿಲಿಂಡರಿನ ಮುಂಬದಿಗೆ ಹೋಗಕೂಡದು, ಸಿಲಿಂಡರಿಗೂ ನಳಿಗೆಗೂ ನಡುವಿನ ಕಿರುಸಂದಿನಿಂದ ಚಿಮ್ಮುವ ಬಿಸಿ ಅನಿಲ ಚರ್ಮ ಸೀಳುತ್ತದೆ. ಪಿಸ್ತೂಲಿನಲ್ಲಿ ಅಪಾಯ ಹಿಂಬದಿಗೆ: ಅಲ್ಲಿ ಹೆಬ್ಬೆರಳು ಅಡ್ಡ ಬಂದರೆ ಹಿಂದಕ್ಕೆ ಸರಿಯುವ ಸ್ಲೈಡ್ ಕೊಯ್ದುಬಿಡುತ್ತದೆ. ನಮ್ಮ ನಾಯಕರು ಒಂದರ ಹಿಡಿತವನ್ನು ಇನ್ನೊಂದಕ್ಕೆ ಹಾಕುತ್ತಾರೆ. ಬೆರಳು ಮಾತ್ರ ಕೊನೆಯ ಫೈಟಿನವರೆಗೂ ನೆಟ್ಟಗಿರುತ್ತದೆ.

ಕಾಲಿನ ವಿಷಯ ಇನ್ನೂ ಕೆಟ್ಟದ್ದು. ಪಾದಗಳ ನಡುವೆ ಭುಜದಗಲ ಜಾಗ, ಮೊಣಕಾಲು ತುಸು ಸಡಿಲ, ಮೈಭಾರ ಮುಂಗಾಲಿಗೆ. ಬೇಕಾದದ್ದು ಇಷ್ಟೇ. ನಮ್ಮ ವಿಜಯಪುರ ಕಡೆಯ ಜಾತ್ರೆಗಳಲ್ಲಿ ಭಾರದ ಸಂಗ್ರಾಣಿ ಕಲ್ಲು ಎತ್ತುವವನ ತೋಳನ್ನು ತಿಳಿದವರು ನೋಡುವುದಿಲ್ಲ, ಆತ ಕಾಲು ಊರಿದ ಬಗೆ ನೋಡುತ್ತಾರೆ. ಭಾರ ಎಲ್ಲಿ ಕಾಣುತ್ತದೆಂಬುದು ನಾಲತವಾಡದ ಪ್ರೇಕ್ಷಕನಿಗೆ ಗೊತ್ತು. ಕ್ಯಾಮೆರಾ ಮಾತ್ರ ಸೊಂಟದಿಂದ ಕೆಳಗಿಳಿಯುವುದಿಲ್ಲ. ಅಪ್ಪಿತಪ್ಪಿ ಇಳಿದಾಗ ನಾಯಕ ಎದೆ ಸೆಟೆಸಿ ಹಿಂದಕ್ಕೆ ವಾಲಿ, ಹಿಮ್ಮಡಿಯ ಮೇಲೆ ನಿಂತಿರುತ್ತಾನೆ. ಆ ನಿಲುವಿನಲ್ಲಿ ದೊಡ್ಡ ಗುಂಡು ಹೊಡೆದವನು ಎರಡನೆಯ ಗುಂಡಿಗೆ ಗುರಿ ಹುಡುಕಬೇಕಾಗುತ್ತದೆ.

ಕಾರಣ ಸರಳ. ಸೆಟ್ಟಿನಲ್ಲಿರುವುದು ಬ್ಲ್ಯಾಂಕ್ ತೋಟಾ, ಇಲ್ಲವೇ ಬರೀ ನಕಲಿ ಪಿಸ್ತೂಲು. ಮೂತಿಯ ಬೆಂಕಿಯನ್ನು ಎಷ್ಟೋ ಸಲ ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸುತ್ತಾರೆ. ಗುಂಡು ಹಾರಿದಾಗ ಕೈಗೆ ಬಡಿಯುವ ನಿಜವಾದ ಒದೆತ ಅಲ್ಲಿಲ್ಲ. ಇಲ್ಲದ ಒದೆತವನ್ನು ಮಣಿಕಟ್ಟಿನಲ್ಲಿ, ಭುಜದಲ್ಲಿ, ಪಾದದಲ್ಲಿ ತಂದು ತೋರಿಸುವುದೇ ನಟನ ಕೆಲಸ. ಆ ಕೆಲಸವನ್ನು ಈಗ ಹಿನ್ನೆಲೆ ಸಂಗೀತಕ್ಕೆ ವಹಿಸಿಕೊಟ್ಟಿದ್ದಾರೆ.

2022ರ ‘ಕೆಜಿಎಫ್ ಚಾಪ್ಟರ್ 2’ರಲ್ಲಿ ಪೊಲೀಸ್ ಠಾಣೆಯ ಮೇಲೆ ಮಷಿನ್‌ಗನ್ ಸುರಿಸಿದ ಮೇಲೆ ಕೆಂಪಗೆ ಕಾದ ನಳಿಗೆಗೆ ಯಶ್ ಸಿಗರೇಟು ಹಚ್ಚಿಕೊಳ್ಳುವ ಗಳಿಗೆಗೆ ನನ್ನ ಪೂರ್ತಿ ಮೆಚ್ಚುಗೆಯಿದೆ. ಹೊಡೆದದ್ದರ ಪರಿಣಾಮ ಲೋಹದ ಮೇಲೆ ಉಳಿಯುತ್ತದೆಂದು ನಿರ್ದೇಶಕ ಪ್ರಶಾಂತ್ ನೀಲ್ ಅಲ್ಲಿ ಒಪ್ಪಿಕೊಂಡಿದ್ದಾರೆ. ಲೋಹಕ್ಕೆ ಕೊಟ್ಟ ಆ ಗಮನವನ್ನು ಮನುಷ್ಯನ ಮೈಗೂ ಕೊಡಬೇಕಿತ್ತು.

ಇದನ್ನು ಹೇಳಿದರೆ ಎರಡು ಗುಂಪಿನವರು ಎದುರಾಗುತ್ತಾರೆ. ಆರು ಗುಂಡಿನ ರಿವಾಲ್ವರಿನಿಂದ ಏಳನೆಯ ಗುಂಡು ಬಂತೆಂದು ಎಣಿಸಿ ಬರೆಯುವವರು ಒಂದು ಗುಂಪು. ಎಣಿಕೆ ವಿಮರ್ಶೆಯಲ್ಲ, ಏಳನೆಯ ಗುಂಡನ್ನು ನಾನು ಸಲೀಸಾಗಿ ಕ್ಷಮಿಸಿಯೇನು. ಮೊದಲನೆಯ ಗುಂಡಿಗೇ ಮೈ ಅಲುಗದಿದ್ದರೆ ಕ್ಷಮಿಸಲಾರೆ. ಇನ್ನೊಂದು ಗುಂಪು ‘ಮಾಸ್ ಸಿನಿಮಾಕ್ಕೆ ಇದೆಲ್ಲ ಬೇಡ’ ಅನ್ನುವವರದು. ಇವರ ಮೇಲೆಯೇ ನನ್ನ ಸಿಟ್ಟು ಹೆಚ್ಚು. ಮಾಸ್ ಅಂದರೆ ಯಾರು? ಭೀಮಾ ಹೊಳೆಯ ಸೀಮೆಯ ಇಂಡಿ, ಸಿಂದಗಿ ಕಡೆಯ ಜನಕ್ಕೆ ನಾಡ ಪಿಸ್ತೂಲು ಪತ್ರಿಕೆಯಲ್ಲಿ ಓದಿ ಪರಿಚಯವಾದ ಸುದ್ದಿ. 2012ರಲ್ಲಿ ‘ಭೀಮಾತೀರದಲ್ಲಿ’ ಎಂದು ನಮ್ಮ ಹೊಳೆಯ ಹೆಸರಿಟ್ಟೇ ಚಿತ್ರ ಬಂತು. ಈ ಜನರ ಹೆಸರು ಹೇಳಿಕೊಂಡು ಕೆಲಸಗಳ್ಳತನವನ್ನು ಸಮರ್ಥಿಸುವುದು ಇವರಿಗೆ ಮಾಡುವ ಅವಮಾನ. ಹೀಗೆ ಸಮರ್ಥಿಸುವವರೇ ಮಾರನೆಯ ವಾರ ಅದೇ ಬಗೆಯ ಚಿತ್ರವನ್ನು ‘ರಾ’, ‘ರಿಯಲಿಸ್ಟಿಕ್’ ಎಂದು ಹೊಗಳುತ್ತಾರೆ. ಒದೆತ ಬೇಡವೆನ್ನುವವರು ಆ ಎರಡು ಪದಗಳನ್ನೂ ಬಿಟ್ಟುಕೊಡಲಿ.