ತಾಯಿ ಕಾರ್ಡಿನ ಕೆಂಪು ಸುತ್ತು

ಬಾಗಲಕೋಟೆಯ ಶಿರೂರಿನಿಂದ ಚೊಚ್ಚಲ ಹೆರಿಗೆಗೆ ತವರಿಗೆ ಹೊರಟವಳ ಚೀಲದಲ್ಲಿ ಇಳಕಲ್ ಸೀರೆಯ ಜೊತೆ ಗರ್ಭಿಣಿಯ ಆರೋಗ್ಯ ದಾಖಲೆಯಾದ ತಾಯಿ ಕಾರ್ಡೂ ಇರುತ್ತದೆ. ಮಡಿಕೆಯಲ್ಲಿ ಸವೆದ ಆ ಕಾರ್ಡೆಂದರೆ ನನಗೆ ಬಲು ಅಕ್ಕರೆ. ತೂಕ, ಬಿಪಿ, ಚುಚ್ಚುಮದ್ದಿನ ತಾರೀಖು ಎಲ್ಲವೂ ಅದರಲ್ಲುಂಟು. ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿಳಿದಿದ್ದರೆ ನರ್ಸಮ್ಮ ಆ ಅಂಕಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿರುತ್ತಾರೆ. ಪರವೂರಿನ ಡಾಕ್ಟರ ಕಣ್ಣು ಮೊದಲು ಬೀಳುವುದು ಅಲ್ಲಿಗೇ. ಆ ಒಂದು ಸುತ್ತು ಜೀವ ಉಳಿಸಬಲ್ಲದು!

ಇದೇ ವಿವರ 12 ಅಂಕಿಯ ಆರ್‌ಸಿಎಚ್ (ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯ) ಸಂಖ್ಯೆಯಡಿ ಕಂಪ್ಯೂಟರಿಗೂ ಏರುತ್ತದೆ. 1858ರಲ್ಲಿ ನರ್ಸ್ ಫ್ಲಾರೆನ್ಸ್ ನೈಟಿಂಗೇಲ್ ಸೈನಿಕರ ಸಾವಿನ ಲೆಕ್ಕವನ್ನು ಬಣ್ಣದ ಚಿತ್ರವಾಗಿಸಿದ್ದೂ ಆರೋಗ್ಯದ ಅಂಕಿಗಳನ್ನು ಮಾತಾಡಿಸುವ ಇದೇ ವಿದ್ಯೆಯಿಂದ. ಈಗ ಆ ವಿದ್ಯೆಯ ಹೆಸರು ನರ್ಸಿಂಗ್ ಇನ್‌ಫರ್ಮ್ಯಾಟಿಕ್ಸ್. ಅದರಲ್ಲಿ ಸ್ನಾತಕೋತ್ತರ ಪದವಿಯೂ ಉಂಟು.

ಹೆರಿಗೆಯಾದ ಮೇಲೆ ಅದೇ ಕಾರ್ಡಿನಲ್ಲಿ ಕೂಸಿನ ತೂಕದ ಗೆರೆ ಮೇಲೇರತೊಡಗುತ್ತದೆ.