ಗೆದ್ದದ್ದು ಸಿನಿಮಾ ಅಲ್ಲ

ಡಿಸ್ನಿ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಪಾರ್ಕಿನ ‘ಸೂಪರ್‌ಸ್ಟಾರ್ ಲಿಮೊ’ ಸೋತ ಕಥೆಯನ್ನು ಥೀಮ್ ಪಾರ್ಕುಗಳ ಬಗ್ಗೆ ಬರೆಯುವವರು ಒಂದೇ ನೀತಿಪಾಠಕ್ಕಾಗಿ ಹೇಳುತ್ತ ಬಂದಿದ್ದಾರೆ. 2001ರ ಫೆಬ್ರುವರಿಯಲ್ಲಿ ಪಾರ್ಕಿನ ಜೊತೆಗೇ ಶುರುವಾದ ಈ ರೈಡ್ ವರ್ಷ ತುಂಬುವ ಮೊದಲೇ, 2002ರ ಜನವರಿಯಲ್ಲಿ, ಮುಚ್ಚಿಹೋಯಿತು. ಅದೇ ಕಟ್ಟಡದೊಳಗೆ, ಅದೇ ಹಳಿಯ ಮೇಲೆ 2006ರ ಜನವರಿಯಲ್ಲಿ ಪಿಕ್ಸಾರ್ ಸಿನಿಮಾ ಆಧರಿಸಿದ ‘ಮಾನ್‌ಸ್ಟರ್ಸ್, ಇಂಕ್. ಮೈಕ್ ಅಂಡ್ ಸಲ್ಲಿ ಟು ದಿ ರೆಸ್ಕ್ಯೂ’ ಬಂತು, ವರ್ಷಗಟ್ಟಲೆ ನಿಂತಿತು. ಸ್ವಂತ ಕಲ್ಪನೆ ಕೈಕೊಟ್ಟಾಗ ಸಿನಿಮಾ ಕೈಹಿಡಿಯುತ್ತದೆ ಎಂಬುದೇ ಆ ನೀತಿ. ಈ ಮಾತಿಗೆ ಅದರ ಯೋಗ್ಯತೆಗಿಂತ ಹೆಚ್ಚಿನ ಬೆಲೆ ಬಂದಿದೆ. ಇದರಿಂದ ಎರಡು ಅನ್ಯಾಯಗಳಾಗಿವೆ: ಹಳೆಯ ರೈಡ್ ಸೋತ ನಿಜವಾದ ಕಾರಣವನ್ನು ಯಾರೂ ಹುಡುಕಲಿಲ್ಲ, ಹೊಸದನ್ನು ಕಟ್ಟಿದವರ ಜಾಣ್ಮೆಗೆ ಸಲ್ಲಬೇಕಾದ ಮೆಚ್ಚುಗೆ ಸಿನಿಮಾದ ಜನಪ್ರಿಯತೆಯ ಖಾತೆಗೆ ಹೋಯಿತು.

ಸ್ವಂತ ಕಲ್ಪನೆಯೇ ದೋಷ ಎನ್ನುವವರಿಗೆ ಆ ಪಾರ್ಕಿನೊಳಗೇ ಉತ್ತರವಿದೆ. ಪಾರ್ಕ್ ತೆರೆದ ದಿನವೇ ಅಲ್ಲಿ ಶುರುವಾದ ‘ಸೋರಿನ್ ಓವರ್ ಕ್ಯಾಲಿಫೋರ್ನಿಯಾ’ ರೈಡಿನ ಹಿಂದೆ ಯಾವ ಕಥಾಚಿತ್ರವೂ ಇರಲಿಲ್ಲ, ಜನ ಅದನ್ನು ಮೊದಲ ದಿನದಿಂದಲೇ ಮೆಚ್ಚಿದರು. ‘ಲಿಮೊ’ದ ಕಷ್ಟ ಬೇರೆಯೇ ಇತ್ತು. ಮೊದಲ ಯೋಜನೆಯಲ್ಲಿ ಅದು ಪಾಪರಾಜಿಗಳು ಬೆನ್ನಟ್ಟುವ ವೇಗದ ಕಾರು. 1997ರ ಆಗಸ್ಟಿನಲ್ಲಿ ಪ್ಯಾರಿಸ್ಸಿನಲ್ಲಿ ಪಾಪರಾಜಿಗಳು ಬೆನ್ನಟ್ಟಿದ್ದ ಕಾರಿನ ಅಪಘಾತದಲ್ಲಿ ಬ್ರಿಟನ್ನಿನ ರಾಜಕುಮಾರಿ ಡಯಾನಾ ತೀರಿಕೊಂಡ ಮೇಲೆ ಅಂಥ ಬೆನ್ನಟ್ಟುವಿಕೆಯನ್ನು ಆಟವಾಗಿಸುವ ಮಾತೇ ಇರಲಿಲ್ಲ. ಓಟ ಹೋಯಿತು, ಓಟಕ್ಕೆಂದು ಹೆಣೆದ ಕಥೆಯ ಉಳಿಕೆ ಮಾತ್ರ ನಿಂತಿತು. ಕೂತವರಿಗೆ ‘ನೀವೇ ಹಾಲಿವುಡ್ಡಿನ ಹೊಸ ತಾರೆ’ ಎಂದು ಹೇಳಿ, ವಿಮಾನ ನಿಲ್ದಾಣದಿಂದ ಚೈನೀಸ್ ಥಿಯೇಟರಿನ ಪ್ರೀಮಿಯರ್‌ವರೆಗೆ ಕಾರನ್ನು ನಿಧಾನವಾಗಿ ತಳ್ಳಿಕೊಂಡು ಹೋಗುತ್ತಿದ್ದರು. ಕಾರಿನ ಪರದೆಯ ಮೇಲೆ ಸ್ವಿಫ್ಟಿ ಲಾ ರೂ ಎಂಬ ಏಜೆಂಟ್ ಬೊಂಬೆ ಒಂದೇ ಸಮನೆ ವಟಗುಟ್ಟುತ್ತಿತ್ತು. ದಾರಿಬದಿಯಲ್ಲಿ ಜೋನ್ ರಿವರ್ಸ್, ಡ್ರೂ ಕ್ಯಾರಿ, ಜಾಕಿ ಚಾನ್, ಶೆರ್, ವೂಪಿ ಗೋಲ್ಡ್‌ಬರ್ಗ್ ಇವರ ವ್ಯಂಗ್ಯಚಿತ್ರದಂಥ ಯಂತ್ರಬೊಂಬೆಗಳು ನಿಂತಿದ್ದವು. ನೋಡುವವರಿಗೆ ಅಲ್ಲಿ ಒಂದೇ ಕೆಲಸ: ಇದು ಯಾರು ಎಂದು ಗುರುತಿಸುವುದು. ಗುರುತು ಸಿಕ್ಕಿತೆಂದರೆ ಬೊಂಬೆಯ ಕೆಲಸ ಮುಗಿಯಿತು. ಸಿಗಲಿಲ್ಲವೆಂದರೆ ಆ ಬೊಂಬೆ ಅಲ್ಲಿದ್ದದ್ದೇ ವ್ಯರ್ಥ.

ಹೊಸ ರೈಡ್ ಕಟ್ಟಿದವರು ಈ ಬೊಂಬೆಗಳನ್ನು ಎಸೆಯಲಿಲ್ಲ. ಅವುಗಳಲ್ಲಿ ಹಲವಕ್ಕೆ ಹಳದಿ ರಕ್ಷಾಕವಚ ತೊಡಿಸಿ ‘ಸಿಡಿಎ’ ಏಜೆಂಟರನ್ನಾಗಿ ಮಾಡಿದರು. ಅಂದರೆ ಸಿನಿಮಾದ ಮಾನ್‌ಸ್ಟ್ರೋಪೊಲಿಸ್ ಎಂಬ ರಾಕ್ಷಸರ ನಗರಕ್ಕೆ ನುಸುಳಿದ ಮನುಷ್ಯರ ಮಗುವನ್ನು ವಿಷವೆಂದು ಹೆದರಿ ಹುಡುಕುವ ಇಲಾಖೆಯ ಸಿಬ್ಬಂದಿ. ಇದನ್ನು ಮಿತವ್ಯಯವೆಂದು ಎಲ್ಲರೂ ಬರೆದರು. ಇದು ಮಿತವ್ಯಯ ಹೌದು, ಅದಕ್ಕಿಂತ ಮುಖ್ಯವಾಗಿ ಚಿಕಿತ್ಸೆ. ಹಳೆಯ ಬೊಂಬೆಯ ರೋಗವಿದ್ದದ್ದು ಮುಖದಲ್ಲಿ. ಪ್ರಸಿದ್ಧ ವ್ಯಕ್ತಿಯ ಹೋಲಿಕೆ ತರಲೇಬೇಕು. ತಂದರೂ ನಾಲ್ಕಾರು ಚಲನೆಗಳಷ್ಟೇ ಇರುವ ಯಂತ್ರ ಆ ವ್ಯಕ್ತಿಯ ಲವಲವಿಕೆಯನ್ನು ತರಲಾರದು. ಹಳದಿ ಕವಚದೊಳಗಿನ ಏಜೆಂಟನಿಗೆ ತನ್ನದೆಂಬ ಮುಖವಿಲ್ಲ. ಅವನು ಯಾರನ್ನೂ ಹೋಲಬೇಕಾಗಿಲ್ಲ. ತೋಳು ಎತ್ತಿಳಿಸುವ ಬಿಗಿಯಾದ ಚಲನೆ ತಾರೆಯಲ್ಲಿ ಕೊರತೆಯಾಗಿ ಕಂಡರೆ, ಕವಚ ತೊಟ್ಟ ಸರಕಾರಿ ಸಿಬ್ಬಂದಿಯಲ್ಲಿ ಅದೇ ಅವನ ನಡಿಗೆ. ಯಂತ್ರ ಬದಲಾಗಲಿಲ್ಲ, ಯಂತ್ರದ ಮೇಲಿದ್ದ ಬೇಡಿಕೆ ಬದಲಾಯಿತು. ಹತ್ತು ಸಿನಿಮಾ ಹಕ್ಕುಗಳನ್ನು ಕೊಂಡರೂ ಇಂಥ ಪರಿಹಾರ ತಾನಾಗಿ ಬರುವುದಿಲ್ಲ. ಇದಕ್ಕೆ ಬೊಂಬೆಯ ಮುಂದೆ ನಿಂತು ಅದಕ್ಕೆ ಏನು ಸಾಧ್ಯ, ಏನು ಅಸಾಧ್ಯ ಎಂದು ಯೋಚಿಸಿದ ಕೈ ಬೇಕು.

ಕಾರಿಗೂ ಇದೇ ನ್ಯಾಯ. ಲಿಮೊ ಟ್ಯಾಕ್ಸಿಯಾಯಿತು. ತಾರೆಯ ಕಾರು ನಿಧಾನವಾದರೆ ಅವಮಾನ, ಊರೆಲ್ಲ ಗಾಬರಿಯಾಗಿರುವಾಗ ಟ್ಯಾಕ್ಸಿ ನಿಧಾನವಾದರೆ ಸಹಜ. ಇದಕ್ಕಿಂತ ದೊಡ್ಡ ಬದಲಾವಣೆ ಕೂತವರ ಸ್ಥಾನದ್ದು. ‘ನೀವೇ ನಾಯಕ’ ಎಂಬ ಆಮಿಷ ಡಿಸ್ನಿಯಲ್ಲಿ ಹಳೆಯದು, ಅದರ ಸೋಲೂ ಹಳೆಯದು. 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಸ್ನೋ ವೈಟ್ ರೈಡಿನಲ್ಲಿ ಸ್ನೋ ವೈಟಳೇ ಇರಲಿಲ್ಲ, ಕೂತವರೇ ಅವಳು ಎಂಬ ಎಣಿಕೆಯಿಂದ. ಅವಳೆಲ್ಲಿ ಎಂದು ಜನ ಕೇಳುತ್ತಲೇ ಇದ್ದರು. 1983ರ ನವೀಕರಣದಲ್ಲಿ ಅವಳ ಬೊಂಬೆಯನ್ನು ತಂದಿಟ್ಟರು. ಗಮನಿಸಬೇಕು: ಆ ರೈಡಿನ ಹಿಂದೆ ಜಗತ್ತೇ ಬಲ್ಲ ಸಿನಿಮಾ ಇತ್ತು, ಆದರೂ ಅದು ಕೂತವರ ಗೊಂದಲ ನೀಗಿಸಲಿಲ್ಲ. ಮಾನ್‌ಸ್ಟರ್ಸ್ ರೈಡ್ ನಮ್ಮನ್ನು ನಾಯಕನ ಪೀಠದಿಂದ ಇಳಿಸಿ ಪ್ರಯಾಣಿಕರನ್ನಾಗಿ ಮಾಡುತ್ತದೆ. ಸಿನಿಮಾದ ರಾಕ್ಷಸ ಗೆಳೆಯರಾದ ಮೈಕ್ ಮತ್ತು ಸಲ್ಲಿ ಆ ಮನುಷ್ಯ ಮಗುವನ್ನು, ಪುಟಾಣಿ ಬೂಳನ್ನು, ಮನೆಗೆ ಮುಟ್ಟಿಸಲು ಹೆಣಗುತ್ತಾರೆ, ನಾವು ಪಕ್ಕದಲ್ಲಿ ಹಾದುಹೋಗುತ್ತೇವೆ. ಆದರೆ ಈ ಊರು ಹುಡುಕುತ್ತಿರುವುದು ಮನುಷ್ಯ ಮಗುವನ್ನು, ಟ್ಯಾಕ್ಸಿಯಲ್ಲಿ ಕೂತವರೆಲ್ಲ ಮನುಷ್ಯರೇ. ಕಳ್ಳಸಾಗಣೆಯ ಸರಕು ನಾವೇ ಎಂಬುದು ಬಾಯಿಬಿಟ್ಟು ಹೇಳದೆಯೇ ಮನಸ್ಸಿಗೆ ತಟ್ಟುತ್ತದೆ. ಆದ್ದರಿಂದಲೇ ಕೊನೆಯಲ್ಲಿ ರಾಝ್ ಎಂಬ ಗುಮಾಸ್ತೆ ಕೂತವರ ಬಟ್ಟೆಬರೆ, ಹಾವಭಾವ ನೋಡಿಯೇ ಮಾತಾಡುವಂತೆ ಛೇಡಿಸಿದಾಗ ಪರಿಣಾಮ ಬೇರೆಯಾಗುತ್ತದೆ. ಲಿಮೊ ಮೊದಲ ಕ್ಷಣದಿಂದಲೇ ನಮ್ಮನ್ನು ನೋಡುವ ನಾಟಕವಾಡಿತು, ಒಮ್ಮೆಯೂ ನೋಡಲಿಲ್ಲ. ಇಲ್ಲಿ ಕೊನೆಯವರೆಗೆ ಯಾರೂ ನಮ್ಮನ್ನು ಗಮನಿಸುವುದಿಲ್ಲ, ಆಮೇಲೆ ಒಬ್ಬಳು ನಿಜಕ್ಕೂ ಗಮನಿಸುತ್ತಾಳೆ.

ಇದನ್ನು ‘ಹಳೆಯ ಗೋಡೆಗೆ ಹೊಸ ಸುಣ್ಣ’ ಎಂದು ತಳ್ಳಿಹಾಕುವ ವಿಮರ್ಶಕರ ಗುಂಪೊಂದಿದೆ. ಇವರ ಲೆಕ್ಕದಲ್ಲಿ ನೆಲಸಮ ಮಾಡಿ ಕಟ್ಟಿದ್ದೇ ಕಲೆ, ಇದ್ದುದನ್ನು ತಿದ್ದಿದ್ದು ಜುಗ್ಗತನ. ಖರ್ಚನ್ನು ಕಲ್ಪನೆಯ ಅಳತೆಗೋಲಾಗಿ ಹಿಡಿಯುವ ಈ ವಾದ ಪಾರ್ಕಿನ ಜಾಹೀರಾತಿನ ವಾದವೂ ಹೌದು, ವಿಮರ್ಶಕರಿಗೆ ಅದು ಶೋಭಿಸದು. ಇನ್ನೊಂದು ಗುಂಪಿನ ತಕರಾರಿಗೆ ತೂಕವಿದೆ: ಈ ರೈಡ್ ಸಿನಿಮಾದ ಕಥೆಯನ್ನು ಪಾಠದಂತೆ ಒಪ್ಪಿಸುತ್ತದೆ, ನೋಡದವರಿಗೆ ತಲೆಬುಡ ತಿಳಿಯುವುದಿಲ್ಲ. ಒಪ್ಪಬೇಕಾದದ್ದೇ, ನಡುವಿನ ದೃಶ್ಯಗಳಲ್ಲಿ, ಅದರಲ್ಲೂ ಬಾಗಿಲುಗಳ ಉಗ್ರಾಣದಲ್ಲಿ, ಸಿನಿಮಾದ ನೆನಪೇ ಅರ್ಧ ಕೆಲಸ ಮಾಡುತ್ತದೆ. ಆದರೆ ನಾನು ಮೇಲೆ ಹೇಳಿದ ಮೂರೂ ಗುಣಗಳು, ಅಂದರೆ ಮುಖವಿಲ್ಲದ ಏಜೆಂಟ್, ನಿಧಾನದ ಟ್ಯಾಕ್ಸಿ, ಪತ್ತೆಯಾಗದ ಪ್ರಯಾಣಿಕ, ಸಿನಿಮಾ ನೋಡದವರಿಗೂ ದಕ್ಕುತ್ತವೆ. ಕಥೆ ಒಪ್ಪಿಸುವುದು ಸಿನಿಮಾದ ಕೊಡುಗೆ, ಅದೇ ಇದರ ದುರ್ಬಲ ಭಾಗ. ಗಟ್ಟಿಯಾದದ್ದೆಲ್ಲ ರೈಡಿನ ಸ್ವಂತದ್ದು.

ಸಿನಿಮಾದ ಬಲವೇ ಸಾಕು ಎನ್ನುವವರು ಫ್ಲಾರಿಡಾದ ಎಪ್‌ಕಾಟ್ ಪಾರ್ಕಿನ ನಾರ್ವೆ ವಿಭಾಗವನ್ನು ನೋಡಲಿ. 1988ರಿಂದ ನಡೆಯುತ್ತಿದ್ದ ‘ಮೇಲ್‌ಸ್ಟ್ರಾಮ್’ ದೋಣಿ ರೈಡನ್ನು 2014ರ ಅಕ್ಟೋಬರಿನಲ್ಲಿ ಮುಚ್ಚಿ, ಅದೇ ದೋಣಿ, ಅದೇ ನೀರಿನ ಕಾಲುವೆಯಲ್ಲಿ 2016ರ ಜೂನ್‌ನಲ್ಲಿ ‘ಫ್ರೋಝನ್’ ಸಿನಿಮಾ ಆಧರಿಸಿದ ‘ಫ್ರೋಝನ್ ಎವರ್ ಆಫ್ಟರ್’ ತೆರೆದರು. ಹಳೆಯದರ ನಡುವೆ ದೋಣಿ ಹಿಮ್ಮುಖವಾಗಿ ಜಾರುವ ಘಳಿಗೆಯೊಂದಿತ್ತು. ಕಾರಣ ಸ್ಪಷ್ಟ: ನಾವು ಟ್ರೋಲ್‌ಗಳ ಸೀಮೆಗೆ ನುಗ್ಗಿದ್ದೇವೆ, ಮೂರು ತಲೆಯ ಟ್ರೋಲ್ ಶಪಿಸಿ ಹಿಂದಕ್ಕಟ್ಟುತ್ತದೆ. ಆ ಒಂದು ಚಲನೆಯಲ್ಲಿ ಯಂತ್ರ, ಕಥೆ, ಕೂತವರ ತಪ್ಪು ಮೂರೂ ಸೇರಿದ್ದವು. ಹೊಸದರಲ್ಲೂ ದೋಣಿ ಅಲ್ಲೇ ಹಿಂದಕ್ಕೆ ಹೋಗಬೇಕು, ಕಾಲುವೆ ಇರುವುದೇ ಹಾಗೆ. ಆದ್ದರಿಂದ ಸಿನಿಮಾದ ರಾಣಿ ಎಲ್ಸಾ ತನ್ನ ಹಿಮದರಮನೆಯಲ್ಲಿ ಹಾಡುತ್ತ ಕೈ ಬೀಸಿ ನಮ್ಮನ್ನು ಹಿಂದಕ್ಕೆ ತಳ್ಳುತ್ತಾಳೆ. ಯಾಕೆ? ನಾವು ಬಂದಿರುವುದು ಅವಳದೇ ಊರಿನ ಸಂಭ್ರಮಕ್ಕೆ. ಸಿನಿಮಾದಲ್ಲಿ ಆ ಹಾಡು ಲೋಕವನ್ನೇ ತೊರೆದವಳ ಹಾಡು. ಇಲ್ಲಿ ಅದನ್ನು ಅತಿಥಿಗಳ ಮುಂದೆ ಹಾಡಿ ಅವರನ್ನೇ ಆಚೆ ನೂಕುತ್ತಾಳೆ, ಕೊನೆಯ ದೃಶ್ಯದಲ್ಲಿ ನಗುತ್ತ ಕಾಣಿಸಿಕೊಳ್ಳುತ್ತಾಳೆ. ಬೊಂಬೆ ಚೆಲುವಾಗಿದೆ, ಮುಖಭಾವ ನವಿರಾಗಿದೆ, ಹಾಡು ಎಲ್ಲರ ಬಾಯಲ್ಲೂ ಇದೆ. ಆದರೆ ಅಲ್ಲಿ ಕೂತ ನಾವು ಯಾರು ಎಂಬುದಕ್ಕೆ ಉತ್ತರವಿಲ್ಲ. ಅದರ ಮುಂದಿನ ಉದ್ದನೆಯ ಸಾಲನ್ನು ತೋರಿಸಿ ಬಾಯಿ ಮುಚ್ಚಿಸಲು ಬರುವವರಿಗೆ ಒಂದೇ ಮಾತು: ಸಾಲು ಸಿನಿಮಾದ ಜನಪ್ರಿಯತೆಯನ್ನು ಅಳೆಯುತ್ತದೆ, ಒಳಗೆ ಕಟ್ಟಿದ್ದರ ಗುಣವನ್ನಲ್ಲ.

ಹಾಗಾದರೆ ಸೋತ ರೈಡಿನ ಜಾಗಕ್ಕೆ ಸಿನಿಮಾ ಬರಬಾರದೆ? ಧಾರಾಳವಾಗಿ ಬರಲಿ, ಡಿಸ್ನಿಲ್ಯಾಂಡ್ 1955ರಲ್ಲಿ ತೆರೆದಾಗಲೇ ಪೀಟರ್ ಪ್ಯಾನ್ ಅಲ್ಲಿದ್ದ, ಸಿನಿಮಾ ನಿನ್ನೆ ಮೊನ್ನೆ ನುಸುಳಿದ್ದಲ್ಲ. ಆದರೆ ಸೋಲಿನ ಪರೀಕ್ಷೆ ಮೊದಲು ನಡೆಯಬೇಕು. ಮಾನ್‌ಸ್ಟರ್ಸ್ ರೈಡ್ ದೊಡ್ಡ ಕೃತಿಯಲ್ಲ, ಅಚ್ಚುಕಟ್ಟಾದ ಸಣ್ಣ ಕೆಲಸ. ‘ಲಿಮೊ’ ಎಲ್ಲೆಲ್ಲಿ ಮುರಿದಿತ್ತೋ ಅಲ್ಲಲ್ಲಿಗೇ ಅದು ಕೈಹಾಕಿತು. ‘ಫ್ರೋಝನ್’ ಚೆನ್ನಾಗಿ ದುಡಿಯುತ್ತಿದ್ದ ಕೀಲನ್ನೇ ಸಡಿಲಿಸಿ ಮೇಲೆ ಹಾಡು ಹೊದಿಸಿತು. ಒಂದನ್ನು ಅಗ್ಗದ ದುರಸ್ತಿ ಎಂದೂ ಇನ್ನೊಂದನ್ನು ವಿಜಯ ಎಂದೂ ಬರೆದಿಟ್ಟ ವಿಮರ್ಶೆಯ ಲೆಕ್ಕಪುಸ್ತಕ ತಲೆಕೆಳಗಾಗಿದೆ.