ಜಾತ್ರೆಯ ಜನ, ಪದಕದ ಆಟ

ಬಾಗಲಕೋಟೆ ಜಿಲ್ಲೆಯಲ್ಲಿ ಕುಸ್ತಿ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಆಟಗಳು ಬಾಳುತ್ತಿವೆ. ಜಾತ್ರೆ, ಉರುಸು, ನಾಗರ ಪಂಚಮಿಗಳ ಹೊತ್ತಿಗೆ ಹದಮಾಡಿದ ಕೆಮ್ಮಣ್ಣಿನ ಕಣದಲ್ಲಿ, ಹಲಗಿಯ ಸದ್ದಿನ ನಡುವೆ ನಡೆಯುವ ಜಂಗಿ ಕುಸ್ತಿ ಒಂದಾದರೆ, ಮೆತ್ತನೆಯ ಮ್ಯಾಟಿನ ಮೇಲೆ ಗಡಿಯಾರದ ಲೆಕ್ಕಕ್ಕೂ ಅಂಕದ ಲೆಕ್ಕಕ್ಕೂ ಕಟ್ಟುಬಿದ್ದು ನಡೆಯುವ ಸ್ಪರ್ಧೆ ಇನ್ನೊಂದು. ಮೊದಲನೆಯದನ್ನು ನೋಡಲು ಊರಿಗೆ ಊರೇ ಕೂಡುತ್ತದೆ, ಆದರೆ ಅದಕ್ಕೆ ಅಂತರರಾಷ್ಟ್ರೀಯ ಪಂದ್ಯಾವಳಿ ಎಂಬುದಿಲ್ಲ. ಎರಡನೆಯದಕ್ಕೆ ಏಷ್ಯಾ ಚಾಂಪಿಯನ್‌ಷಿಪ್, ವಿಶ್ವ ಚಾಂಪಿಯನ್‌ಷಿಪ್, ಒಲಿಂಪಿಕ್ಸ್ ಎಲ್ಲವೂ ಉಂಟು, ಆದರೆ ಬಾದಾಮಿ, ಹುನಗುಂದ, ಇಳಕಲ್ ಕಡೆಯ ಕುಸ್ತಿಪ್ರಿಯರಲ್ಲಿ ಅದರ ಒಂದು ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣಾರೆ ಕಂಡವರು ವಿರಳ. ಜನಪ್ರಿಯತೆಗೂ ಪದಕಕ್ಕೂ ನಡುವಿನ ಈ ಅಂತರ ಈ ಸೀಮೆಗೆ ಮಾತ್ರ ಮೀಸಲಾದುದಲ್ಲ. ದಕ್ಷಿಣ ಕೊರಿಯದಲ್ಲಿಯೂ ಇದು ಇದೆ, ಮತ್ತು ಅದೇ ದೇಶದಲ್ಲಿ ಬೇಸ್‌ಬಾಲ್ ಎಂಬ ಪರದೇಶದ ಆಟವೊಂದು ಈ ಅಂತರವನ್ನು ದಾಟಿ ನಿಂತಿರುವುದರಿಂದ, ಎರಡನ್ನೂ ಒಟ್ಟಿಗಿಟ್ಟು ನೋಡುವುದು ಉಪಯುಕ್ತ.

ಜಂಗಿ ನಿಕಾಲಿ ಎಂದರೆ ಫಲಿತಾಂಶ ಹೊರಬೀಳುವ ತನಕ ಬಿಡದೆ ಹಿಡಿಯುವ ಕುಸ್ತಿ. ಎದುರಾಳಿಯ ಬೆನ್ನು ನೆಲಕ್ಕೆ ತಾಗಿಸಿ ಚಿತ್ ಮಾಡುವುದೊಂದೇ ಇಲ್ಲಿ ಗೆಲುವು. ಅಂಕಗಳಿಲ್ಲ, ತೂಕದ ಕಟ್ಟುನಿಟ್ಟಾದ ವಿಭಾಗಗಳಿಲ್ಲ, ಅನುಭವಿ ವಸ್ತಾದರು ಇಬ್ಬರು ಪೈಲ್ವಾನರ ಮೈಕಟ್ಟು ಮತ್ತು ಹಿಂದಿನ ಹೆಸರು ನೋಡಿ ಜೋಡಿ ಹಚ್ಚುತ್ತಾರೆ. ಕಣದ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸಗಳನ್ನು ಬೆರೆಸಿ ಹದಮಾಡುವುದು ಗರಡಿಯ ಹಳೆಯ ರೂಢಿ. ಹುಡುಗರ ಸಣ್ಣ ಕುಸ್ತಿಗಳಿಂದ ಆರಂಭವಾಗಿ ಹೊತ್ತು ಇಳಿಯುವಾಗ ದೊಡ್ಡ ಜೋಡಿಗಳತ್ತ ಏರುವ ಈ ಕ್ರಮಕ್ಕೆ ತನ್ನದೇ ಆದ ನಾಟಕೀಯತೆ ಇದೆ, ಮತ್ತು ಡಾವುಗಳ ಹೆಸರು ಬಲ್ಲ ಪ್ರೇಕ್ಷಕ ಅದರ ನಿಜವಾದ ತೀರ್ಪುಗಾರ. ಜಮಖಂಡಿಯ ಪಟವರ್ಧನರ ಮತ್ತು ಮುಧೋಳದ ಘೋರ್ಪಡೆಯವರ ಸಂಸ್ಥಾನಗಳು ಈ ಜಿಲ್ಲೆಯಲ್ಲಿಯೇ ಇದ್ದವು, ಕುಸ್ತಿಯ ರಾಜಧಾನಿಯೆನಿಸಿದ ಕೊಲ್ಲಾಪುರವೂ ದೂರದ್ದಲ್ಲ. ಆದರೆ ಮಲ್ಲವಿದ್ಯೆ ಅರಮನೆಗೆ ಹತ್ತಿರವಾದುದು ಇವುಗಳಿಗಿಂತ ಬಹಳ ಹಿಂದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೇ ಒಂದು ಪ್ರಕರಣ ಮೀಸಲಾಗಿದ್ದು, ಮಲ್ಲರ ದರ್ಜೆ, ಆಹಾರ, ಅಭ್ಯಾಸಗಳನ್ನು ಅದು ವಿವರಿಸುತ್ತದೆ.

ಮ್ಯಾಟಿನ ಕುಸ್ತಿಯಲ್ಲಿ ಪುರುಷರಿಗೆ ಎರಡು ಶೈಲಿಗಳಿವೆ. ಫ್ರೀಸ್ಟೈಲ್‌ನಲ್ಲಿ ಇಡೀ ದೇಹವನ್ನು ಹಿಡಿಯಬಹುದು; ಗ್ರೀಕೋ ರೋಮನ್‌ನಲ್ಲಿ ಸೊಂಟದ ಕೆಳಗೆ ಹಿಡಿಯುವುದಕ್ಕಾಗಲಿ, ಕಾಲು ಕೊಟ್ಟು ಕೆಡಹುವುದಕ್ಕಾಗಲಿ ಅವಕಾಶವಿಲ್ಲ. ತಲಾ 3 ನಿಮಿಷಗಳ ಎರಡು ಸುತ್ತು, ಪ್ರತಿಯೊಂದು ಪಟ್ಟಿಗೂ ನಿಗದಿಯಾದ ಅಂಕ, ಗ್ರೀಕೋ ರೋಮನ್‌ನಲ್ಲಿ 8 ಅಂಕಗಳ ಮುನ್ನಡೆ ದೊರೆತರೆ ಪಂದ್ಯ ಅಲ್ಲಿಗೇ ಮುಕ್ತಾಯ. ಕಾಲಿನ ಡಾವುಗಳನ್ನೇ ಕಲೆಯ ಅರ್ಧಭಾಗವೆಂದು ಬಗೆಯುವ ಮಣ್ಣಿನ ಕುಸ್ತಿಯ ರಸಿಕನಿಗೆ ಗ್ರೀಕೋ ರೋಮನ್ ಮೊದಲ ನೋಟಕ್ಕೆ ಕೈ ಕಟ್ಟಿಹಾಕಿದಂತೆ ಕಾಣುವುದು ಸಹಜ. ಎದೆಗೆ ಎದೆ ಕೊಟ್ಟು ಎದುರಾಳಿಯನ್ನು ನೆಲದಿಂದ ಎತ್ತಿ ತಲೆಯ ಮೇಲಿನಿಂದ ಹಿಂದಕ್ಕೆ ಎಸೆಯುವ ಅದರ ಸೊಬಗು ತಿಳಿಯಬೇಕಾದರೆ ಕೆಲವು ಪಂದ್ಯಗಳನ್ನಾದರೂ ತಾಳ್ಮೆಯಿಂದ ನೋಡಬೇಕಾಗುತ್ತದೆ.

ಬಾದಾಮಿ ತಾಲ್ಲೂಕಿನ ಹಲಕುರ್ಕಿಯ ಹೆಸರನ್ನು ತನ್ನ ಹೆಸರಿನೊಂದಿಗೆ ಹೊತ್ತ ಅರ್ಜುನ್ ಹಲಕುರ್ಕಿ ಈ ಶೈಲಿಯ ಪೈಲ್ವಾನ ಎಂಬುದು ಆದ್ದರಿಂದಲೇ ಕುತೂಹಲದ ಸಂಗತಿ. 2020ರ ಫೆಬ್ರುವರಿಯಲ್ಲಿ ದೆಹಲಿಯ ಕೆ.ಡಿ. ಜಾಧವ್ ಒಳಾಂಗಣದಲ್ಲಿ ನಡೆದ ಏಷ್ಯಾ ಚಾಂಪಿಯನ್‌ಷಿಪ್‌ನ 55 ಕೆ.ಜಿ. ವಿಭಾಗದ ಸೆಮಿಫೈನಲ್‌ನಲ್ಲಿ ಅವರು ಇರಾನಿನ ಪೌಯಾ ನಾಸೆರ್‌ಪೌರ್ ವಿರುದ್ಧ 7–1ರಿಂದ ಮುಂದಿದ್ದು, ಕೊನೆಗೆ 7–8ರಿಂದ ಸೋತರು. ಇನ್ನೊಂದೇ ಒಂದು 2 ಅಂಕದ ಪಟ್ಟು ಕೈಗೂಡಿದ್ದರೆ 8 ಅಂಕಗಳ ಅಂತರ ಒದಗಿ ಫೈನಲ್ ದೊರೆಯುತ್ತಿತ್ತು. ಅಂಥ ಸೋಲಿನ ಬಳಿಕ ಮತ್ತೆ ಮ್ಯಾಟಿಗೆ ಇಳಿದು ಕಂಚಿನ ಪಂದ್ಯ ಗೆಲ್ಲುವುದು ಸುಲಭವಲ್ಲ. ಅರ್ಜುನ್ ಅದನ್ನು ಗೆದ್ದರು, 7–4ರಿಂದ, ಮತ್ತು ಅಂದು ಅವರ ಎದುರಿಗಿದ್ದವರು ದಕ್ಷಿಣ ಕೊರಿಯದ ವೊನ್ ಡಾಂಗ್‌ಹ್ಯೊಕ್. ಎರಡು ವರ್ಷಗಳ ನಂತರ ಮಂಗೋಲಿಯದ ಉಲಾನ್‌ಬಾತರಿನಲ್ಲಿ, ಆತಿಥೇಯ ದೇಶದ ಪೈಲ್ವಾನನನ್ನೇ ಮಣಿಸಿ, ಅವರು ಏಷ್ಯಾ ಮಟ್ಟದ ಮತ್ತೊಂದು ಕಂಚನ್ನು ತಂದರು. ದೆಹಲಿಯ ಆ ಕ್ರೀಡಾಂಗಣ ಹೊತ್ತ ಹೆಸರೂ ಇಲ್ಲಿ ಪ್ರಸ್ತುತವೇ: ಕರಾಡದ ಸಮೀಪದ ಗೋಳೇಶ್ವರದವರಾದ ಖಾಶಾಬಾ ಜಾಧವ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಾಗ ಅದು ಸ್ವತಂತ್ರ ಭಾರತಕ್ಕೆ ದೊರೆತ ಮೊದಲ ವೈಯಕ್ತಿಕ ಒಲಿಂಪಿಕ್ ಪದಕವಾಗಿತ್ತು, ಮತ್ತು ಅವರೂ ಮಣ್ಣಿನ ಕಣದಿಂದಲೇ ಬಂದವರಾಗಿದ್ದರು.

ಕೊರಿಯದ ಜನರಿಗೂ ತಮ್ಮದೇ ಆದ ಮಣ್ಣಿನ ಕುಸ್ತಿಯೊಂದಿದೆ. ಸರಿಯಾಗಿ ಹೇಳುವುದಾದರೆ ಅದು ಮರಳಿನ ಕುಸ್ತಿ. ಸಿರುಮ್ ಎಂಬ ಈ ಆಟದಲ್ಲಿ ಇಬ್ಬರೂ ಸೊಂಟ ಮತ್ತು ತೊಡೆಗೆ ಸತ್ಬಾ ಎಂಬ ಬಟ್ಟೆಯ ಪಟ್ಟಿ ಬಿಗಿದುಕೊಂಡು, ಪರಸ್ಪರರ ಪಟ್ಟಿಯನ್ನು ಹಿಡಿದೇ ಸೆಣಸಬೇಕು. ಮೊಣಕಾಲು ಅಥವಾ ಅದರ ಮೇಲಿನ ಯಾವ ಅಂಗ ನೆಲ ಮುಟ್ಟಿದರೂ ಸೋಲು. ಐದನೆಯ ಚಾಂದ್ರಮಾಸದ ಐದನೆಯ ದಿನದ ದಾನೊ ಹಬ್ಬದಲ್ಲೂ ಎಂಟನೆಯ ಮಾಸದ ಹುಣ್ಣಿಮೆಯ ಚುಸೊಕ್ ಹಬ್ಬದಲ್ಲೂ ಇದು ನಡೆಯುತ್ತ ಬಂದಿದೆ, ಗೆದ್ದವನಿಗೆ ಎತ್ತನ್ನು ಬಹುಮಾನವಾಗಿ ಕೊಡುವುದು ವಾಡಿಕೆಯಾಗಿತ್ತು. ಜಾನುವಾರು ಸಂತೆಗೆ ಹೆಸರಾದ ಅಮೀನಗಡದ ಸುತ್ತಿನ ರೈತರಿಗೆ ಆ ಬಹುಮಾನದ ತೂಕವನ್ನು ಬೇರೆಯಾಗಿ ವಿವರಿಸಬೇಕಿಲ್ಲ. 2018ರ ನವೆಂಬರಿನಲ್ಲಿ ಯುನೆಸ್ಕೊ ಸಿರುಮ್ ಅನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದು ಉತ್ತರ ಮತ್ತು ದಕ್ಷಿಣ ಕೊರಿಯಗಳ ಹೆಸರಿನಲ್ಲಿ ಜಂಟಿಯಾಗಿ ದಾಖಲಾಯಿತು. ಪರಸ್ಪರ ಯುದ್ಧದ ಸ್ಥಿತಿಯಲ್ಲಿರುವ ಆ ಎರಡು ದೇಶಗಳು ಹೀಗೆ ಒಟ್ಟಾಗಿ ಪಡೆದ ಮೊದಲ ಮಾನ್ಯತೆ ಅದಾಗಿತ್ತು.

ಸಿರುಮ್ ಒಂದು ಕಾಲಕ್ಕೆ ದೂರದರ್ಶನದ ತಾರೆಗಳನ್ನೂ ಸೃಷ್ಟಿಸಿತು. 1983ರಲ್ಲಿ ಆರಂಭವಾದ ಚೊನ್‌ಹಾ ಜಾಂಗ್ಸಾ ಎಂಬ ರಾಷ್ಟ್ರೀಯ ಸ್ಪರ್ಧೆಯ ಮೊದಲ ವಿಜೇತ ಲೀ ಮನ್‌ಗಿ ಮನೆಮಾತಾದರು. ಅವರ ನಂತರದ ಕಾಂಗ್ ಹೊಡಾಂಗ್ ಕಣ ಬಿಟ್ಟು ಹಾಸ್ಯ ಕಾರ್ಯಕ್ರಮಗಳ ನಿರೂಪಕರಾದರು. 1997ರ ಆರ್ಥಿಕ ಕುಸಿತದ ನಂತರ ವೃತ್ತಿಪರ ತಂಡಗಳು ಒಂದೊಂದಾಗಿ ಮುಚ್ಚಿದವು, ಜನ ಚದುರಿದರು. ಇತ್ತ ಒಲಿಂಪಿಕ್ ಕುಸ್ತಿಯಲ್ಲಿ ಅದೇ ದೇಶ ಸಾಧಿಸಿದ್ದು ಅಲ್ಪವಲ್ಲ: 1976ರ ಮಾಂಟ್ರಿಯಲ್‌ನಲ್ಲಿ ಯಾಂಗ್ ಜಂಗ್‌ಮೊ ಗೆದ್ದ ಚಿನ್ನವೇ ದಕ್ಷಿಣ ಕೊರಿಯದ ಮೊದಲ ಒಲಿಂಪಿಕ್ ಚಿನ್ನ, ಗ್ರೀಕೋ ರೋಮನ್‌ನ ಸಿಮ್ ಕ್ವೊನ್‌ಹೊ 1996 ಮತ್ತು 2000ರಲ್ಲಿ ಎರಡು ಬೇರೆ ಬೇರೆ ತೂಕಗಳಲ್ಲಿ ಚಿನ್ನ ಗೆದ್ದವರು. ಪದಕದ ಮರುದಿನದ ಪತ್ರಿಕೆಯ ಮುಖಪುಟ ಅವರದಾಯಿತು. ವಾರವಾರವೂ ಟಿಕೆಟು ಕೊಂಡು ಬರುವ ಪ್ರೇಕ್ಷಕ ಮಾತ್ರ ಅವರ ಆಟಕ್ಕೆ ದೊರೆಯಲಿಲ್ಲ. ಆ ಪ್ರೇಕ್ಷಕ ಬೇಸ್‌ಬಾಲ್ ಮೈದಾನದಲ್ಲಿದ್ದನು.

ಬೇಸ್‌ಬಾಲ್ ಕ್ರಿಕೆಟಿನಂತೆಯೇ ಚೆಂಡು ದಾಂಡಿನ ಆಟವಾದರೂ, ಪ್ರತಿ ತಂಡಕ್ಕೆ ಒಂಬತ್ತು ಇನಿಂಗ್ಸ್, ಪ್ರತಿ ಇನಿಂಗ್ಸ್‌ಗೆ ಮೂರೇ ಔಟು, ಹೊಡೆದವನು ಚೌಕದ ಮೂಲೆಗಳಲ್ಲಿರುವ ನಾಲ್ಕು ಬೇಸ್‌ಗಳನ್ನು ಸುತ್ತಿ ಬಂದರೆ ಒಂದು ರನ್ನು ಎಂಬ ಲೆಕ್ಕದಲ್ಲಿ ನಡೆಯುತ್ತದೆ. ಚೆಂಡು ಬೇಲಿಯಾಚೆ ಬಿದ್ದರೆ ಅದು ಹೋಮ್ ರನ್. ಅಮೆರಿಕದ ವೈ.ಎಂ.ಸಿ.ಎ. ಪ್ರತಿನಿಧಿ ಫಿಲಿಪ್ ಜಿಲೆಟ್ 20ನೇ ಶತಮಾನದ ಮೊದಲ ದಶಕದಲ್ಲಿ ಸೋಲ್ ನಗರದ ಯುವಕರಿಗೆ ಇದನ್ನು ಕಲಿಸಿದರೆಂಬುದು ಅಲ್ಲಿನ ಕ್ರೀಡಾ ಇತಿಹಾಸದ ಒಪ್ಪಿತ ಆರಂಭ. ಆಮೇಲೆ ಜಪಾನಿನ ಆಳ್ವಿಕೆ ಬಂದಿತು, ಆಳುವವರಿಗೂ ಇದೇ ಆಟದ ಹುಚ್ಚಿದ್ದುದರಿಂದ ಜಪಾನನ್ನು ಬೇಸ್‌ಬಾಲಿನಲ್ಲಿ ಸೋಲಿಸುವುದಕ್ಕೆ ಆಟವನ್ನು ಮೀರಿದ ಅರ್ಥ ಕೂಡಿಕೊಂಡಿತು. 1982ರಲ್ಲಿ ಸೋಲ್‌ನಲ್ಲೇ ನಡೆದ ಹವ್ಯಾಸಿಗಳ ವಿಶ್ವ ಚಾಂಪಿಯನ್‌ಷಿಪ್‌ನ ಕೊನೆಯ ಪಂದ್ಯದಲ್ಲಿ ಹಾನ್ ಡೆಹ್ವಾ ಹೊಡೆದ ಮೂರು ರನ್ನಿನ ಹೋಮ್ ರನ್ ಜಪಾನನ್ನು ಮಣಿಸಿದುದನ್ನು ಆ ತಲೆಮಾರು ಮರೆತಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆಡಿದ ಒಂಬತ್ತೂ ಪಂದ್ಯಗಳನ್ನು ಗೆದ್ದು, ಫೈನಲ್‌ನಲ್ಲಿ ಕ್ಯೂಬಾವನ್ನು 3–2ರಿಂದ ಸೋಲಿಸಿ ಕೊರಿಯ ಚಿನ್ನ ಪಡೆದ ಆಗಸ್ಟ್ 23 ಅಲ್ಲಿ ಈಗ ಬೇಸ್‌ಬಾಲ್ ದಿನ. 2009ರ ವಿಶ್ವ ಬೇಸ್‌ಬಾಲ್ ಕ್ಲಾಸಿಕ್‌ನ ಫೈನಲ್‌ನಲ್ಲಿ ಅದೇ ಜಪಾನಿನೆದುರು ಹತ್ತನೆಯ ಇನಿಂಗ್ಸ್‌ವರೆಗೆ ಹೋರಾಡಿ 3–5ರಿಂದ ಸೋತುದೂ ಅಷ್ಟೇ ಗಾಢವಾಗಿ ನೆನಪಿನಲ್ಲಿದೆ.

ಆಟಗಾರರ ಪಾಲಿಗೆ ಈ ಪಂದ್ಯಾವಳಿಗಳಲ್ಲಿ ಇನ್ನೊಂದು ಪಣವೂ ಇರುತ್ತದೆ. ದಕ್ಷಿಣ ಕೊರಿಯದಲ್ಲಿ ಆರೋಗ್ಯವಂತ ಯುವಕರೆಲ್ಲರೂ ಸುಮಾರು ಒಂದೂವರೆ ವರ್ಷ ಸೈನ್ಯದಲ್ಲಿರಬೇಕೆಂಬ ಕಾನೂನಿದ್ದು, ಒಲಿಂಪಿಕ್ ಪದಕ ಅಥವಾ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದವರಿಗೆ ಅಲ್ಪಾವಧಿಯ ತರಬೇತಿಯ ಹೊರತು ಉಳಿದುದಕ್ಕೆ ವಿನಾಯಿತಿ ದೊರೆಯುತ್ತದೆ. ಏಷ್ಯನ್ ಕ್ರೀಡಾಕೂಟದ ಬೇಸ್‌ಬಾಲಿಗೆ ಜಪಾನ್ ತನ್ನ ವೃತ್ತಿಪರರನ್ನು ಕಳಿಸದಿದ್ದರೂ ಕೊರಿಯ ತನ್ನ ವೃತ್ತಿಪರರನ್ನೇ ಇಳಿಸುವುದರ ಹಿಂದೆ ಈ ಲೆಕ್ಕಾಚಾರವಿದೆ, ಅದರ ಬಗ್ಗೆ ಅಲ್ಲಿಯೇ ಟೀಕೆಯೂ ಇದೆ.

ಇಷ್ಟನ್ನು ನೋಡಿದವರು ಪಂದ್ಯಾವಳಿಯ ಗೆಲುವೇ ಜನರನ್ನು ಆಟದತ್ತ ಎಳೆದು ತಂದಿತೆಂದು ತೀರ್ಮಾನಿಸಬಹುದು. ಆದರೆ 2013 ಮತ್ತು 2017ರ ಕ್ಲಾಸಿಕ್‌ಗಳಲ್ಲಿ ಕೊರಿಯ ಮೊದಲ ಸುತ್ತಿನಲ್ಲೇ ಹೊರಬಿದ್ದಿತು. 2023ರಲ್ಲಿ ಆಸ್ಟ್ರೇಲಿಯಕ್ಕೆ 7–8ರಿಂದ, ಜಪಾನಿಗೆ 4–13ರಿಂದ ಸೋತು ಮತ್ತೆ ಹೊರಬಿದ್ದಿತು. ಅದರ ಮರುವರ್ಷ, 2024ರಲ್ಲಿ, ದೇಶೀಯ ಲೀಗಿನ ಪಂದ್ಯಗಳಿಗೆ ಬಂದ ಪ್ರೇಕ್ಷಕರ ಸಂಖ್ಯೆ ಇತಿಹಾಸದಲ್ಲಿ ಮೊದಲ ಬಾರಿಗೆ 1 ಕೋಟಿ ದಾಟಿತು. ಐದು ಕೋಟಿಯಷ್ಟು ಜನಸಂಖ್ಯೆಯ ದೇಶದ ಮಟ್ಟಿಗೆ ಇದು ಬೆರಗು ಹುಟ್ಟಿಸುವ ಮೊತ್ತ. ಅಂತರರಾಷ್ಟ್ರೀಯ ಗೆಲುವು ಹೊಸಬರನ್ನು ಬಾಗಿಲ ತನಕ ಕರೆತಂದಿರಬಹುದು, 2008ರ ನಂತರ ಹಾಗೆ ಆದುದೂ ನಿಜ. ಅವರನ್ನು ಅಲ್ಲಿ ಉಳಿಸಿದ್ದು 1982ರಲ್ಲಿ ಆರು ತಂಡಗಳಿಂದ ಆರಂಭವಾಗಿ ಇಂದು ಹತ್ತು ತಂಡಗಳಿಗೆ ಬೆಳೆದಿರುವ ಲೀಗ್. ಆ ತಂಡಗಳು ಕಂಪನಿಗಳ ಒಡೆತನದಲ್ಲಿದ್ದರೂ ಪ್ರತಿಯೊಂದೂ ಒಂದು ನಗರಕ್ಕೆ ಅಂಟಿಕೊಂಡಿದೆ: ಬುಸಾನಿನವನಿಗೆ ಲೊಟ್ಟೆ ಜೈಂಟ್ಸ್, ಗ್ವಾಂಗ್ಜುವಿನವನಿಗೆ ಟೈಗರ್ಸ್, ತಂದೆಯ ತಂಡವೇ ಮಗಳ ತಂಡ. ವರ್ಷಕ್ಕೆ 144 ಪಂದ್ಯ, ಸೋಮವಾರ ಮಾತ್ರ ಬಿಡುವು, ಪ್ರತಿ ದಾಂಡಿಗನಿಗೂ ಅವನದೇ ಒಂದು ಹಾಡು, ಇಡೀ ಗ್ಯಾಲರಿ ನಿಂತು ಹಾಡುವ ಪದ್ಧತಿ.

ಆ ರೂಢಿಯ ದೃಷ್ಟಿಯಿಂದ ನೋಡಿದರೆ ಕೊರಿಯದ ಬೇಸ್‌ಬಾಲನ್ನು ಬಾಗಲಕೋಟೆಯಲ್ಲಿ ಹೋಲುವುದು ಮ್ಯಾಟಿನ ಕುಸ್ತಿಗಿಂತ ಜಂಗಿ ಕುಸ್ತಿಯೇ. ಊರಿನ ಹೆಸರು, ಗರಡಿಯ ಹೆಸರು, ವರ್ಷವರ್ಷವೂ ತಪ್ಪದ ದಿನ, ಹರೆಯದಲ್ಲಿ ತಾನೂ ಕಣಕ್ಕಿಳಿದಿದ್ದ ಮುದುಕನ ಟೀಕೆ ಎಲ್ಲವೂ ಅಲ್ಲಿವೆ. ಮಣ್ಣಿನ ಕುಸ್ತಿ ಕಾಲ ಮೀರಿದ್ದು, ಮಕ್ಕಳನ್ನು ನೇರವಾಗಿ ಮ್ಯಾಟಿಗೇ ಕಳಿಸಬೇಕು ಎಂಬ ವಾದವನ್ನು ತರಬೇತಿಯ ಮಟ್ಟಿಗೆ ಒಪ್ಪಬಹುದಾದರೂ, ಪ್ರೇಕ್ಷಕರ ವಿಷಯದಲ್ಲಿ ಅದು ತಪ್ಪು ಲೆಕ್ಕ. ಜನ ಇರುವುದು ಮಣ್ಣಿನ ಸುತ್ತ, ಅವರು ಮ್ಯಾಟನ್ನು ಹುಡುಕಿಕೊಂಡು ಜಿಲ್ಲಾ ಕ್ರೀಡಾಂಗಣಕ್ಕೆ ಬರಲಾರರು. 2020ರ ಫೆಬ್ರುವರಿಯಲ್ಲಿ, ಅಂದರೆ ಅರ್ಜುನ್ ದೆಹಲಿಯಲ್ಲಿ ಕಂಚು ಗೆದ್ದ ತಿಂಗಳಲ್ಲಿಯೇ, ಧಾರವಾಡದಲ್ಲಿ ಸರ್ಕಾರದ ಆಶ್ರಯದಲ್ಲಿ ಕರ್ನಾಟಕ ಕುಸ್ತಿ ಹಬ್ಬ ನಡೆಯಿತು. ಅಂಥ ಉತ್ಸವಕ್ಕಿಂತಲೂ, ಬನಶಂಕರಿ ಜಾತ್ರೆಯಂಥ ತಿಂಗಳುಗಟ್ಟಲೆ ಜನ ನಿಲ್ಲುವ ಕಡೆ, ದೊಡ್ಡ ಜೋಡಿಗಳಿಗೆ ಮೊದಲು ಮ್ಯಾಟಿನ ನಾಲ್ಕು ಪಂದ್ಯಗಳನ್ನು ವರ್ಷವೂ ಇರಿಸಿ, ಬಲ್ಲವರೊಬ್ಬರು ಮೈಕಿನಲ್ಲಿ ಅಂಕಗಳ ಅರ್ಥ ಬಿಡಿಸಿ ಹೇಳುವ ಏರ್ಪಾಡು ಹೆಚ್ಚು ಫಲ ಕೊಟ್ಟೀತು. ನಾಟಕ ಕಂಪನಿಗಳನ್ನು ದಶಕಗಳ ಕಾಲ ಸಾಕಿದ ಜಾತ್ರೆಗೆ ಇದೇನೂ ಭಾರವಲ್ಲ.

ಪಂದ್ಯಾವಳಿಗೆ ವಿಶ್ವ ಎಂಬ ಪದ ಅಂಟಿಸಿದ ಮಾತ್ರಕ್ಕೆ ಅದು ದೊಡ್ಡದಾಗದು ಎಂಬುದಕ್ಕೂ ಕೊರಿಯವೇ ನಿದರ್ಶನ ಒದಗಿಸಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್‌ನಲ್ಲಿ ಭಾರತದ ಮಹಿಳೆಯರು ದಕ್ಷಿಣ ಕೊರಿಯವನ್ನು 175–18ರಿಂದ ಸೋಲಿಸಿದರು. ಗೆದ್ದವರ ಚುರುಕಿನ ಬಗ್ಗೆ ಎರಡು ಮಾತಿಲ್ಲ, ಆದರೆ ಇಂಥ ಅಂಕಪಟ್ಟಿಯಲ್ಲಿ ಆಟಕ್ಕೆ ಬೇಕಾದ ಅನಿಶ್ಚಯ ಉಳಿಯುವುದಿಲ್ಲ.

ಕುಸ್ತಿ ಮತ್ತು ಬೇಸ್‌ಬಾಲ್ ಒಮ್ಮೆ ನೇರವಾಗಿ ಮುಖಾಮುಖಿಯಾದದ್ದೂ ಉಂಟು. 2013ರ ಫೆಬ್ರುವರಿಯಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಕಾರ್ಯಕಾರಿ ಮಂಡಳಿ 2020ರ ಕೂಟದಿಂದ ಕುಸ್ತಿಯನ್ನು ಕೈಬಿಡಲು ಶಿಫಾರಸು ಮಾಡಿತು. ಆ ಸೆಪ್ಟೆಂಬರಿನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಒಂದು ಸ್ಥಾನಕ್ಕಾಗಿ ಮೂರು ಆಟಗಳ ನಡುವೆ ಮತದಾನ ನಡೆದು, ಕುಸ್ತಿಗೆ 49, ಬೇಸ್‌ಬಾಲ್–ಸಾಫ್ಟ್‌ಬಾಲ್‌ಗೆ 24, ಸ್ಕ್ವಾಷ್‌ಗೆ 22 ಮತಗಳು ಬಿದ್ದವು. ಸೋತ ಬೇಸ್‌ಬಾಲ್ ಟೋಕಿಯೊದಲ್ಲಿ ಆತಿಥೇಯರ ಆಯ್ಕೆಯಾಗಿ ಒಮ್ಮೆ ಬಂದು, ಪ್ಯಾರಿಸ್‌ನಲ್ಲಿ ಇಲ್ಲವಾಗಿ, 2028ರ ಲಾಸ್ ಏಂಜಲೀಸ್‌ಗೆ ಮರಳುತ್ತಿದೆ, ಈ ಬರುವಿಕೆ ಹೋಗುವಿಕೆಗಳಿಂದ ಕೊರಿಯದ ಗ್ಯಾಲರಿಗಳು ಬರಿದಾಗಲಿಲ್ಲ. ಗೆದ್ದ ಕುಸ್ತಿ ಒಲಿಂಪಿಕ್ಸ್‌ನಲ್ಲಿ ಉಳಿಯಿತಾದರೂ ಪುರುಷರ ತೂಕದ ವಿಭಾಗಗಳನ್ನು ಕಡಿಮೆ ಮಾಡಿಕೊಂಡಿತು. ಏಷ್ಯಾ ಮತ್ತು ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಗ್ರೀಕೋ ರೋಮನ್‌ಗೆ ಹತ್ತು ತೂಕಗಳಿದ್ದರೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದ್ದದ್ದು ಆರು. ಅವುಗಳಲ್ಲಿ ಅತ್ಯಂತ ಹಗುರವಾದದ್ದು 60 ಕೆ.ಜಿ. ಹಲಕುರ್ಕಿಯ ಪೈಲ್ವಾನ ಎರಡು ಕಂಚು ಗೆದ್ದ 55 ಕೆ.ಜಿ. ವಿಭಾಗ ಆ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ, ಆ ಮೈಕಟ್ಟಿನವರು ಒಲಿಂಪಿಕ್ಸ್ ಬಯಸಿದರೆ ಐದು ಕಿಲೊ ಹೆಚ್ಚಿಸಿಕೊಂಡು, ಹುಟ್ಟಿನಿಂದಲೇ ತಮಗಿಂತ ದೊಡ್ಡ ಎಲುಬಿನವರ ಎದುರು ಎದೆ ಕೊಡಬೇಕಾಗುತ್ತದೆ.